ಎರಡು ಬೆಟ್ಟದ ನಡುವಿನ ಸೂರ್ಯ

(ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪೋಷಕರು ಮತ್ತು ಶಿಕ್ಷಕರ ಎದುರು ಆಡಿದ ಮಾತು ಇದು. ಸುತ್ತಿ ಬಳಸಿ ಹೇಳಿದ್ದನ್ನು ಸ್ವಲ್ಪ ಕತ್ತರಿಸಿದ್ದೇನೆ. ನಡುವೆ ಕರೆಂಟು ಹೋಗಿ ಮೈಕ್ ಕೈಕೊಟ್ಟಿತ್ತು. ಹಿಂದಿನ ಸಾಲಿನವರಿಗೆ ಅರ್ಧ ಕೇಳಿಸಲೇ ಇಲ್ಲವಂತೆ. ಮುಖ್ಯವಾಗಿ ಅವರಿಗಾಗಿ ಬರೆದು ಕೊಡುತ್ತಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ನಿಮಗೊಂದು ಕೆಲಸ. ನಿಮ್ಮ ಕೈಯಲ್ಲಿ ಕಾರ್ಯಕ್ರಮದ ಪತ್ರಿಕೆ ಇದೆಯಲ್ಲ, ಅದರ ಹಿಂಬದಿ ಖಾಲಿ ಇದೆ. ಅಲ್ಲೊಂದು ಚಿತ್ರ ಬರೆಯಿರಿ. ಏನು ಬೇಕಾದರೂ ಬರೆಯಿರಿ. ಎರಡೇ ನಿಮಿಷ.

ಆಯ್ತಾ? ಮುಂದಿನ ಸಾಲಿನವರು ಎತ್ತಿ ಹಿಡಿಯಿರಿ ನೋಡೋಣ. ಎರಡು ಬೆಟ್ಟ, ನಡುವೆ ಸೂರ್ಯ. ಇವರದ್ದೂ ಎರಡು ಬೆಟ್ಟ, ನಡುವೆ ಸೂರ್ಯ. ಇವರ ಸೂರ್ಯ ಸ್ವಲ್ಪ ಮೇಲೆ ಬಂದಿದ್ದಾನೆ, ಹೊತ್ತಾಗಿರಬೇಕು. ಬೆಟ್ಟದಿಂದ ಇಳಿದು ಬರುವ ಹೊಳೆ. ಹೊಳೆ ದಡದಲ್ಲಿ ಮನೆ. ಮನೆ ಪಕ್ಕ ಒಂದು ತೆಂಗಿನಮರ. ಆಕಾಶದಲ್ಲಿ ನಾಲ್ಕು ಹಕ್ಕಿ. ಅಮ್ಮ, ನೀವು ಯಾಕೆ ಮುಚ್ಚಿಕೊಂಡಿರಿ? ನಿಮ್ಮದೂ ಅದೇ ಅಲ್ವಾ?

ನಗಬೇಡಿ. ರಾಯಚೂರಿನ ಬಯಲಲ್ಲಿ ಹುಟ್ಟಿದವರೂ ಇದನ್ನೇ ಬರೆಯುತ್ತಾರೆ. ನಮ್ಮಲ್ಲಿ ಗುಡ್ಡ ಇದೆ, ನಿಜ. ಆದರೆ ಸಮೋಸದ ಹಾಗೆ ಮೂರು ಮೂಲೆಯ ಗುಡ್ಡ ಈ ತಾಲೂಕಿನಲ್ಲಿ ಎಲ್ಲಿದೆ? ನಿಮ್ಮ ಮನೆಯ ನಾಲ್ಕೂ ಕಡೆ ಅಡಿಕೆ ತೋಟ. ಒಬ್ಬರೂ ಅಡಿಕೆಮರ ಬರೆದಿಲ್ಲ. ಎಲ್ಲರದ್ದೂ ತೆಂಗು. ಅದೂ ಬಾಗಿದ ತೆಂಗು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದವನು. ಡ್ರಾಯಿಂಗ್ ಮಾಸ್ತರು ಅಂದರೆ ಯಾರು ಗೊತ್ತಲ್ಲ? ಗಣಿತದ ಮಾಸ್ತರು ರಜೆ ಹಾಕಿದ ದಿನ ಆ ಕ್ಲಾಸಿಗೆ ಹೋಗಿ ‘ಗಲಾಟೆ ಮಾಡಬೇಡಿ’ ಅನ್ನುವವರು. ಆಗಸ್ಟ್ 15ಕ್ಕೆ ಬೋರ್ಡ್ ಬರೆಯುವವರು. ಮಂತ್ರಿ ಬಂದರೆ ಬ್ಯಾನರ್ ಬರೆಯುವವರು. ಫ್ಲೆಕ್ಸ್ ಬಂದ ಮೇಲೆ ಆ ಮರ್ಯಾದೆಯೂ ಹೋಯಿತು. ವರ್ಷಕ್ಕೊಮ್ಮೆ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಒಂದಷ್ಟು ಮಕ್ಕಳನ್ನು ಕೂರಿಸುತ್ತಿದ್ದೆ. ಪಾಸಾಗುತ್ತಿದ್ದರು. ಅದರಲ್ಲಿ ನನಗೆ ತಕರಾರಿಲ್ಲ.

ತಕರಾರು ಬೇರೆ. ಎಂಟನೇ ಕ್ಲಾಸಿಗೆ ಬಂದ ಮಕ್ಕಳು ಮೊದಲ ದಿನ ಹೇಳುತ್ತಿದ್ದದ್ದು ಒಂದೇ ಮಾತು. ‘ಸರ್, ನಂಗೆ ಚಿತ್ರ ಬರಲ್ಲ.’ ಅಂಗನವಾಡಿಯ ಮಗುವಿನ ಕೈಗೆ ಬಳಪ ಕೊಟ್ಟು ನೋಡಿ. ನನಗೆ ಬರಲ್ಲ ಅಂದ ಒಂದು ಮಗುವನ್ನೂ ನಾನು ಕಂಡಿಲ್ಲ. ನೆಲ ಸಾಲದೆ ಗೋಡೆಗೆ ಹೋಗುತ್ತದೆ. ಮೂರು ವರ್ಷಕ್ಕೆ ಬರುತ್ತಿದ್ದದ್ದು ಹದಿಮೂರಕ್ಕೆ ಎಲ್ಲಿ ಹೋಯಿತು? ನಡುವೆ ಇರುವುದು ಪ್ರಾಥಮಿಕ ಶಾಲೆ. ಹಾಗಂತ ಅಕ್ಕೋರ ಮೇಲೆ, ಮಾಸ್ತರ ಮೇಲೆ ತಪ್ಪು ಹೊರಿಸಲು ನಾನು ಬಂದಿಲ್ಲ. ಮಧ್ಯಾಹ್ನದ ಊಟ ಇಲ್ಲೇ ಅಂತ ಬೇರೆ ಹೇಳಿದ್ದಾರೆ.

ಮೊದಲು ಸಣ್ಣ ಮಗು ಹೇಗೆ ಬರೆಯುತ್ತದೆ ನೋಡೋಣ. ಎರಡು ಎರಡೂವರೆ ವರ್ಷಕ್ಕೆ ಗೀಚಾಟ. ಅದು ಸುಮ್ನೆ ಗೀಚಾಟವಲ್ಲ, ಕೈ ತಿರುಗಿದ ಹಾಗೆ ಗುರುತು ಬೀಳುತ್ತದೆ ಅನ್ನುವುದೇ ಆ ವಯಸ್ಸಿಗೆ ದೊಡ್ಡ ಸೋಜಿಗ. ಆಮೇಲೆ ಒಂದು ದಿನ ಗೀಚಾಟದ ನಡುವೆ ಒಂದು ಸುತ್ತು ಕೂಡಿಕೊಳ್ಳುತ್ತದೆ. ಸುತ್ತಿಗೆ ಎರಡು ಚುಕ್ಕೆ ಬಿದ್ದರೆ ಕಣ್ಣು. ಕೆಳಗೆ ಎರಡು ಗೆರೆ ಎಳೆದರೆ ಕಾಲು. ಹೊಟ್ಟೆ ಇಲ್ಲ, ಕುತ್ತಿಗೆ ಇಲ್ಲ. ತಲೆಯಿಂದಲೇ ಕಾಲು ಹೊರಡುತ್ತವೆ, ಗೊದಮೊಟ್ಟೆಯ ಹಾಗೆ. ‘ಇದು ಅಪ್ಪ’ ಅನ್ನುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೋಡಾ ಕೆಲಾಗ್ ಅಂತ ಒಬ್ಬರು ಶಿಶುವಿಹಾರದ ಶಿಕ್ಷಕಿ ಇದ್ದರು. ಬೇರೆ ಬೇರೆ ದೇಶದ ಮಕ್ಕಳ ಸುಮಾರು 10 ಲಕ್ಷ ಚಿತ್ರ ಕೂಡಿಹಾಕಿ ನೋಡಿದರು. ಆ ವಯಸ್ಸಿನ ಮಕ್ಕಳ ಕೈಯಲ್ಲಿ ಎಲ್ಲ ಕಡೆ ಇಂಥವೇ ಸುತ್ತು, ಇಂಥವೇ ಮನುಷ್ಯರು. ಯಾರೂ ಕಲಿಸಿದ್ದಲ್ಲ.

ಐದು, ಆರು, ಏಳು ವರ್ಷಕ್ಕೆ ಚಿತ್ರ ಇನ್ನೂ ಮಜವಾಗುತ್ತದೆ. ಮಗು ಕಂಡದ್ದನ್ನಲ್ಲ, ಗೊತ್ತಿರುವುದನ್ನು ಬರೆಯುತ್ತದೆ. ಬಸ್ಸಿನ ತಗಡಿನೊಳಗೆ ಕೂತವರ ಕಾಲೂ ಕಾಣುತ್ತದೆ. ಅಮ್ಮನ ಹೊಟ್ಟೆಯೊಳಗೆ ತಮ್ಮ ಕಾಣುತ್ತಾನೆ. ನೀರಿನೊಳಗಿನ ಮೀನು ಕಾಣುತ್ತದೆ. ತನಗೆ ಮುಖ್ಯವಾದದ್ದು ದೊಡ್ಡದು. ಒಬ್ಬ ಹುಡುಗ ಅಜ್ಜಿಯನ್ನು ಬರೆದಿದ್ದ. ಅಜ್ಜಿಗಿಂತ ಅಜ್ಜಿಯ ಕೈ ದೊಡ್ಡದು. ‘ಯಾಕೋ?’ ಅಂದೆ. ‘ಅಜ್ಜಿ ಕೈತುತ್ತು ಹಾಕೋದು ಸರ್’ ಅಂದ. ಇಂಥ ಚಿತ್ರದ ಮೇಲೆ ಕೆಂಪು ಶಾಯಿಯಲ್ಲಿ ‘ಅಳತೆ ಸರಿಯಿಲ್ಲ’ ಅಂತ ಬರೆದವರಿದ್ದಾರೆ. ನಾನೂ ಹೊಸದರಲ್ಲಿ ಬರೆದಿದ್ದೇನೆ. ಈಗ ನೆನಪಾದರೆ ಮುಜುಗರವಾಗುತ್ತದೆ.

ಒಂಬತ್ತು ಹತ್ತು ವರ್ಷಕ್ಕೆ ಕತೆ ಬದಲಾಗುತ್ತದೆ. ಮಗುವಿಗೆ ತನ್ನ ಚಿತ್ರ ನಿಜದ ವಸ್ತುವಿನ ಹಾಗೆ ಕಾಣಬೇಕು ಅನ್ನಿಸತೊಡಗುತ್ತದೆ. ಕಾಣುವುದಿಲ್ಲ. ಪಕ್ಕದವನದ್ದು ಚೆನ್ನಾಗಿದೆ ಅನ್ನಿಸುತ್ತದೆ. ರಬ್ಬರು ಸವೆಯುತ್ತದೆ, ಹಾಳೆ ಹರಿಯುತ್ತದೆ. ಕೊನೆಗೆ ಕೈ ಬಿಡುತ್ತದೆ. ಮಕ್ಕಳ ಚಿತ್ರದ ಬಗ್ಗೆ ಕೆಲಸ ಮಾಡಿದವರೆಲ್ಲ ಈ ಘಟ್ಟವನ್ನು ಗುರುತಿಸಿದ್ದಾರೆ. ವಿಯೆನ್ನಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ವಯಸ್ಸಿನ ಲೆಕ್ಕ ಹಾಕಿ ಹೇಳಿದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಾಲ್ಕನೇ ಕ್ಲಾಸು, ಐದನೇ ಕ್ಲಾಸು ಅಂದರೆ ಕಾಲುಸಂಕ. ಕೆಳಗೆ ಹೊಳೆ. ಸಣ್ಣವರು ದಾಟುವಾಗ ಕೈ ಹಿಡಿಯುವವರು ಒಬ್ಬರು ಬೇಕು.

ಆಗ ಕೈ ಹಿಡಿಯುವವರು ಯಾರು? 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾದ ನಲಿ-ಕಲಿ ನಮ್ಮ ಶಾಲೆಗಳಿಗೂ ಬಂದಿದೆ. ಒಳ್ಳೆಯದು. ಹಾಡು ಇದೆ, ಕತೆ ಇದೆ, ಬಣ್ಣದ ಕಾರ್ಡು ಇದೆ, ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಆದರೆ ಅದು ಮೂರನೇ ಕ್ಲಾಸಿಗೆ ಮುಗಿಯುತ್ತದೆ. ನಾಲ್ಕಕ್ಕೆ ಬೆಂಚು, ಸಾಲು, ಪಠ್ಯಪುಸ್ತಕ. ಸಂಕ ಶುರುವಾಗುವ ಜಾಗದಲ್ಲೇ ಕೈ ಬಿಡುತ್ತೇವೆ.

ಕೈ ಬಿಟ್ಟ ಜಾಗದಲ್ಲಿ ಏನು ಕೊಡುತ್ತೇವೆ? ಎರಡು ಬೆಟ್ಟ. ಬೋರ್ಡಿನ ಮೇಲೆ ಬರೆದು ‘ಇದನ್ನು ನೋಡಿ ಬರೆಯಿರಿ’ ಅನ್ನುತ್ತೇವೆ. ಮಗುವಿಗೂ ನೆಮ್ಮದಿ. ಇದು ತಪ್ಪುವುದಿಲ್ಲ, ಇದಕ್ಕೆ ಯಾರೂ ನಗುವುದಿಲ್ಲ. ಬಾಯಿಪಾಠದ ಪದ್ಯದ ಹಾಗೆ ಇದು ಕೈಪಾಠದ ಚಿತ್ರ. ನಲವತ್ತು ವರ್ಷವಾದ ಮೇಲೂ ನಿಮ್ಮ ಕೈ ಅದನ್ನೇ ಒಪ್ಪಿಸಿತು ನೋಡಿ, ಈಗ ತಾನೇ.

ಒಬ್ಬಳು ಹುಡುಗಿಯ ವಿಷಯ ಹೇಳುತ್ತೇನೆ. ಹೆಸರು ಬೇಡ, ಈಗ ಅವಳಿಗೂ ಮಕ್ಕಳಿದ್ದಾರೆ. ಎಂಟನೇ ಕ್ಲಾಸು. ಡ್ರಾಯಿಂಗ್ ಪಟ್ಟಿ ತರುತ್ತಿರಲಿಲ್ಲ. ತಂದರೂ ಖಾಲಿ. ‘ಬರಲ್ಲ ಸರ್’ ಅಂತ ತಲೆ ತಗ್ಗಿಸಿ ನಿಲ್ಲುವಳು. ನಾನೂ ನಂಬಿದ್ದೆ. ಆ ವರ್ಷ ಭೂಮಿ ಹುಣ್ಣಿಮೆಯ ಹಿಂದಿನ ದಿನ ಯಾವುದೋ ಕೆಲಸಕ್ಕೆ ಅವರ ಕೇರಿಗೆ ಹೋದೆ. ದೀವರ ಸಮುದಾಯದ ಮನೆಗಳು. ಭೂಮಿ ಹುಣ್ಣಿಮೆಗೆ ಗದ್ದೆಗೆ ಅಡುಗೆ ಒಯ್ಯುವ ಭೂಮಣ್ಣಿ ಬುಟ್ಟಿ ನಿಮಗೆಲ್ಲ ಗೊತ್ತು. ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಜಗಲಿಯಲ್ಲಿ ತಾಯಿ ಒಂದು ಬುಟ್ಟಿ ಹಿಡಿದು ಕೂತಿದ್ದರು. ಪಕ್ಕದಲ್ಲಿ ಈ ಹುಡುಗಿ, ಇನ್ನೊಂದು ಬುಟ್ಟಿ.

ಕೈಯಲ್ಲಿ ಪುಂಡಿನಾರಿನ ಕುಂಚ. ಸ್ಕೇಲಿಲ್ಲ, ಪೆನ್ಸಿಲಿಲ್ಲ, ರಬ್ಬರಿಲ್ಲ. ದುಂಡನೆಯ ಬುಟ್ಟಿಯ ಮೇಲೆ ನೂಲಿನಷ್ಟು ಸಣ್ಣ ಗೆರೆ, ಒಂದರ ಪಕ್ಕ ಒಂದು. ಎಲ್ಲೂ ಕೂಡಿಕೊಳ್ಳುವುದಿಲ್ಲ, ಎಲ್ಲೂ ಅಗಲವಾಗುವುದಿಲ್ಲ. ಸುತ್ತು ಹಾಕಿ ಬಂದ ಗೆರೆ ಹೊರಟ ಜಾಗಕ್ಕೇ ಸರಿಯಾಗಿ ಬಂದು ಸೇರುತ್ತದೆ. ನಾನು ಡಿಪ್ಲೊಮಾ ಮಾಡಿದವನು. ಆ ಗೆರೆ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

‘ಏನೇ ಹುಡುಗಿ, ಚಿತ್ರ ಬರಲ್ಲ ಅಂದಿದ್ದೆ?’ ಅಂದೆ.

ಅವಳು ತಲೆ ಎತ್ತಿ ನೋಡಿದಳು. ಪಾಪ, ಮಾಸ್ತರಿಗೆ ಇಷ್ಟೂ ತಿಳಿಯುವುದಿಲ್ಲವಾ ಅನ್ನುವ ಹಾಗೆ. ‘ಇದು ಚಿತ್ರ ಅಲ್ಲ ಸರ್. ಇದು ಚಿತ್ತಾರ.’

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಂತೆಲ್ಲ ಹೇಳುವುದಿಲ್ಲ, ಚೆನ್ನಾಗಿಯೇ ಬಂತು. ಆದರೆ ಆ ಮಾತು ಇವತ್ತಿನವರೆಗೂ ಬಿಟ್ಟಿಲ್ಲ. ಏಳು ವರ್ಷ ಶಾಲೆಗೆ ಹೋದ ಮಗುವಿಗೆ ಚಿತ್ರ ಅಂದರೆ ಬೋರ್ಡಿನ ಮೇಲಿರುವುದು. ತನ್ನ ಕೈಯಲ್ಲಿರುವುದು ಲೆಕ್ಕಕ್ಕಿಲ್ಲ. ಮದುವೆ ಮನೆಯಲ್ಲಿ ಅವಳ ಅಜ್ಜಿ ಬರೆದ ಹಸೆಗೋಡೆ ಚಿತ್ತಾರದ ಮುಂದೆ ಊರಿಗೆ ಊರೇ ನಿಂತು ನೋಡುತ್ತದೆ. ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ನಾಲ್ಕೇ ಬಣ್ಣ. ಬೆಂಗಳೂರು, ದೆಹಲಿಯ ಮೇಳದಲ್ಲಿ ಅದನ್ನು ಚೌಕಟ್ಟು ಹಾಕಿಸಿ ಮಾರುತ್ತಾರೆ. ಆ ಮನೆಯ ಮಗುವಿಗೆ ಶಾಲೆಯಲ್ಲಿ ಚಿತ್ರಕಲೆಯಲ್ಲಿ ‘ಸಿ’ ಗ್ರೇಡು. ಕೊಟ್ಟವನು ನಾನೇ.

ಅಲ್ಲಿಂದ ಪಾಠ ಬದಲಾಯಿಸಿದೆ. ಬೋರ್ಡಿನ ಮೇಲೆ ಬರೆಯುವುದು ಬಿಟ್ಟೆ. ಹೊರಗೆ ಕರೆದುಕೊಂಡು ಹೋಗುತ್ತಿದ್ದೆ. ಅಕ್ಕಪಕ್ಕದ ಪ್ರಾಥಮಿಕ ಶಾಲೆಗೂ ಶನಿವಾರ ಹೋಗತೊಡಗಿದೆ, ಯಾರೂ ಕರೆಯದಿದ್ದರೂ. ಒಂದು ಸಲ ಐದನೇ ಕ್ಲಾಸಿನವರಿಗೆ ಹೇಳಿದೆ: ‘ಇವತ್ತು ತೋಟಕ್ಕೆ ಹೋಗಿ ಒಂದೇ ಒಂದು ಅಡಿಕೆಮರ ನೋಡಿ. ಬರೆಯಬೇಡಿ, ಸುಮ್ನೆ ನೋಡಿ ಬನ್ನಿ. ಮುಂದಿನ ವಾರ ಬಾಯಲ್ಲಿ ಹೇಳಿ.’

ಮುಂದಿನ ಶನಿವಾರ ಒಬ್ಬ ಹುಡುಗ ಎದ್ದು ನಿಂತ. ‘ಸರ್, ಮರದ ತುಂಬ ಉಂಗುರ ಇದೆ.’ ಸರಿ, ಎಲ್ಲರಿಗೂ ಗೊತ್ತು, ಸೋಗೆ ಬಿದ್ದ ಗುರುತು ಅದು. ‘ಆದ್ರೆ ಸರ್, ಕೆಳಗೆ ಉಂಗುರ ದೂರ ದೂರ. ಮೇಲೆ ಹೋದ ಹಾಗೆ ಹತ್ತಿರ ಹತ್ತಿರ.’

ಅಡಿಕೆ ಬೆಳೆಯುವ ಮನೆಯಲ್ಲಿ ಹುಟ್ಟಿದ ನಾನು ಐವತ್ತು ವರ್ಷ ಅದನ್ನು ನೋಡಿರಲಿಲ್ಲ. ಹೋಗಿ ನೋಡಿದೆ, ಹೌದು. ಆ ಹುಡುಗನ ಅಪ್ಪನನ್ನು ಕೇಳಿದೆ. ಅವರು ನಕ್ಕರು. ‘ಎಳೆ ಮರ ಜೋರಾಗಿ ಎತ್ತರಕ್ಕೆ ಹೋಗ್ತದೆ. ವಯಸ್ಸಾದಂಗೆ ನಿಧಾನ. ಇಷ್ಟೂ ಗೊತ್ತಿಲ್ವಾ ಮಾಸ್ತರೇ?’ ಅಂದರು. ಆಮೇಲೆ ಆ ಹುಡುಗ ಬರೆದ ಅಡಿಕೆಮರ ಅಷ್ಟೇನೂ ಚೆನ್ನಾಗಿರಲಿಲ್ಲ, ಸ್ವಲ್ಪ ಸೊಟ್ಟ. ಆದರೆ ಅದು ಅವನು ನೋಡಿದ ಮರ. ಬೇರೆ ಯಾರ ಪಟ್ಟಿಯಲ್ಲೂ ಅದು ಇರಲಿಲ್ಲ.

ಪ್ರಾಥಮಿಕ ಶಾಲೆಯಲ್ಲಿ ಕಲೆ ಬೇಕು ಅನ್ನುವುದಕ್ಕೆ ನನ್ನ ಹತ್ತಿರ ಇರುವುದು ಈ ಒಂದೇ ಕಾರಣ. ಚಿತ್ರದ ಪಿರಿಯಡ್ ಅಂದರೆ ನೋಡುವುದನ್ನು ಕಲಿಯುವ ಪಿರಿಯಡ್. ಉಳಿದ ಪಿರಿಯಡ್‌ಗಳಲ್ಲಿ ಉತ್ತರ ಪುಸ್ತಕದಲ್ಲಿರುತ್ತದೆ. ಇಲ್ಲಿ ಮಾತ್ರ ಮಗು ತಾನೇ ಕಣ್ಣು ಬಿಟ್ಟು ನೋಡಿ, ತಾನೇ ತೀರ್ಮಾನ ಮಾಡಬೇಕು. ಎಲ್ಲಿಂದ ಶುರು ಮಾಡಲಿ? ಯಾವುದನ್ನು ಬಿಡಲಿ? ಸಾಕಾ, ಇನ್ನೂ ಬೇಕಾ? ನಲವತ್ತು ಮಕ್ಕಳಿದ್ದರೆ ನಲವತ್ತು ಉತ್ತರ, ಎಲ್ಲವೂ ಸರಿ.

ಗಾಂಧೀಜಿಗೆ ತಮ್ಮ ಅಕ್ಷರ ಚೆನ್ನಾಗಿಲ್ಲ ಅನ್ನುವ ಕೊರಗು ಕೊನೆಯವರೆಗೂ ಇತ್ತು. ದಕ್ಷಿಣ ಆಫ್ರಿಕಾದಲ್ಲಿ ಬೇರೆ ವಕೀಲರ ಮುದ್ದಾದ ಅಕ್ಷರ ನೋಡಿ ನಾಚಿಕೆಪಟ್ಟದ್ದನ್ನು ಆತ್ಮಕಥೆಯಲ್ಲೇ ಬರೆದುಕೊಂಡಿದ್ದಾರೆ. ಅಲ್ಲೇ ಒಂದು ಮಾತು ಹೇಳುತ್ತಾರೆ. ಮಗುವಿಗೆ ಮೊದಲು ಚಿತ್ರ ಕಲಿಸಬೇಕು, ಆಮೇಲೆ ಬರವಣಿಗೆ. ಹೂವು, ಹಕ್ಕಿ ನೋಡಿದ ಹಾಗೆ ಅಕ್ಷರವನ್ನೂ ಮೊದಲು ನೋಡಿ ಗುರುತಿಸಲಿ, ವಸ್ತುಗಳನ್ನು ಬರೆಯಲು ಬಂದ ಮೇಲೆ ಅಕ್ಷರ ತಿದ್ದಲಿ ಅಂತ. ನಾವು ಉಲ್ಟಾ ಮಾಡುತ್ತೇವೆ. ಮೂರೂವರೆ ವರ್ಷದ ಮಗುವಿನ ಕೈ ಹಿಡಿದು ‘ಅ’ ತಿದ್ದಿಸುತ್ತೇವೆ. ಆಮೇಲೆ ಅಕ್ಷರ ಕೋಳಿ ಕೆರೆದ ಹಾಗಿದೆ ಅಂತ ಬೈಯುತ್ತೇವೆ.

ಈಗ ನಿಮಗೆ ಇಷ್ಟವಾಗದ ಒಂದು ಮಾತು. ‘ಚಿತ್ರ ಬರೆದರೆ ಗಣಿತ ಬರುತ್ತದೆ, ಸಂಗೀತ ಕೇಳಿದರೆ ಬುದ್ಧಿ ಚುರುಕಾಗುತ್ತದೆ’ ಅಂತ ಹೇಳಿ ಕಲೆಯನ್ನು ಮಾರುವವರು ಜಾಸ್ತಿಯಾಗಿದ್ದಾರೆ. 1993ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಮೊಜಾರ್ಟ್ ಸಂಗೀತ ಹತ್ತು ನಿಮಿಷ ಕೇಳಿದವರು ಒಂದು ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಮುಂದೆ ಬಂದರು. ಕೇಳಿದವರು ಕಾಲೇಜು ಹುಡುಗರು, ಆ ಪರಿಣಾಮ ಉಳಿದದ್ದು ಕಾಲು ಗಂಟೆ. ಅಷ್ಟಕ್ಕೇ ತೊಟ್ಟಿಲ ಕೂಸಿಗೆ ಸಿ.ಡಿ. ಮಾರಿದರು. ಆಮೇಲೆ 2000ದಲ್ಲಿ ಹಾರ್ವರ್ಡ್‌ನ ಎಲೆನ್ ವಿನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಅಳೆದು ನೋಡಿದರು. ಚಿತ್ರಕಲೆ ಕಲಿತರೆ ಬೇರೆ ವಿಷಯದ ಅಂಕ ಏರುತ್ತದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಗಲಿಲ್ಲ. ಸಂಗೀತಕ್ಕೆ ಒಂದೆರಡು ಕಡೆ ಸಿಕ್ಕಿತು. ಚೆನ್ನಾಗಿ ಸಿಕ್ಕಿದ್ದು ನಾಟಕಕ್ಕೆ. ತರಗತಿಯಲ್ಲಿ ಕತೆಯನ್ನು ಆಡಿದ ಮಕ್ಕಳಿಗೆ ಓದು, ಮಾತು, ಭಾಷೆ ಒಲಿಯುತ್ತದೆ. ನೀನಾಸಂ ನಾಟಕದ ಹೆಗ್ಗೋಡಿನ ನೆರೆಯಲ್ಲಿ ಇರುವ ನಮಗೆ ಇದನ್ನು ಹಾರ್ವರ್ಡ್‌ನವರು ಹೇಳಬೇಕಾಗಿರಲಿಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಕುಣಿಸಿ, ಆಡಿಸಿ ಕಲಿಸಲು ಹೊರಟದ್ದು ಎಷ್ಟು ಹಿಂದೆ! ಬಿ.ವಿ. ಕಾರಂತರು, ಪ್ರೇಮಾ ಕಾರಂತರು ಮಕ್ಕಳ ನಾಟಕಕ್ಕೆ ಜೀವ ತೇಯ್ದವರು.

ನಾನು ಹೇಳುವುದಿಷ್ಟೇ. ಕಲೆಯನ್ನು ಗಣಿತದ ಮನೆಗೆ ಕೂಲಿಗೆ ಕಳಿಸಬೇಡಿ. ನಾಳೆ ಯಾರೋ ಗಣಿತಕ್ಕೆ ಬೇರೆ ಔಷಧಿ ಕಂಡುಹಿಡಿದರೆ ಕೂಲಿಯವನನ್ನು ಬಿಡಿಸುತ್ತಾರೆ. ಗಣಿತ ಯಾಕೆ ಕಲಿಯಬೇಕು, ಚಿತ್ರ ಚೆನ್ನಾಗಿ ಬರಲಿ ಅಂತಲಾ ಅಂತ ಯಾರಾದರೂ ಕೇಳುತ್ತಾರಾ? ‘ಕಲೆಯ ಮೂಲಕ ಕಲಿಕೆ’ ಅಂತ 2020ರ ಶಿಕ್ಷಣ ನೀತಿಯಲ್ಲಿ ಬಂದಿದೆ, ಬರಲಿ. ಆದರೆ ದಾಸವಾಳದ ಭಾಗ ಬರೆಸಿ, ಹೆಸರು ಗುರುತಿಸಿ ಅಂದರೆ ಅದು ವಿಜ್ಞಾನ. ಅದನ್ನೇ ಚಿತ್ರಕಲೆಯ ಲೆಕ್ಕಕ್ಕೂ ಬರೆದುಕೊಳ್ಳುವುದು ಬೇಡ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ, ಆಕಳಿಕೆ ಕಾಣುತ್ತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಗೆ ಒಂದು ಅನುಸೂಚಿ ಇದೆ. ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಅನ್ನುತ್ತದೆ. ಎಲ್ಲಿ? ಆರರಿಂದ ಎಂಟನೇ ಕ್ಲಾಸಿಗೆ. ಅದೂ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಒಂದರಿಂದ ಐದಕ್ಕೆ ಇಂಥ ಬೋಧಕರ ಮಾತೇ ಇಲ್ಲ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅಷ್ಟೇ. ನಮ್ಮ ಮಲೆನಾಡಿನ ಎಷ್ಟು ಶಾಲೆಯಲ್ಲಿ 100 ಮಕ್ಕಳಿದ್ದಾರೆ, ನೀವೇ ಹೇಳಿ. ಸಂಕ ಇರುವುದು ಐದನೇ ಕ್ಲಾಸಿನಲ್ಲಿ. ಕೈ ಹಿಡಿಯುವವರನ್ನು ಇಟ್ಟಿರುವುದು ಆಚೆ ದಡದಲ್ಲಿ. ನಾನು ಎಂಟನೇ ಕ್ಲಾಸಿನ ಬಾಗಿಲಲ್ಲಿ ಮೂವತ್ತು ವರ್ಷ ಕಾದು ನಿಂತಿದ್ದೆನಲ್ಲ, ಹಾಗೆ.

ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲ. ಅಕ್ಕೋರೇ, ನಿಮಗೆ ಚಿತ್ರ ಬರಬೇಕೆಂದೇ ಇಲ್ಲ. ನಿಜ ಹೇಳಬೇಕೆಂದರೆ ಬರದಿದ್ದರೇ ಒಳ್ಳೆಯದು, ಬೋರ್ಡಿನ ಮೇಲೆ ಬರೆಯುವ ಚಟ ಇರುವುದಿಲ್ಲ. ಬಣ್ಣಕ್ಕೆ ದುಡ್ಡಿಲ್ಲ ಅನ್ನಬೇಡಿ. ಬಸಳೆ ಹಣ್ಣು ಹಿಂಡಿದರೆ ನೇರಳೆ. ತೇಗದ ಚಿಗುರು ತಿಕ್ಕಿದರೆ ಕೆಂಪು. ಒಲೆಯ ಇದ್ದಿಲು, ಇಟ್ಟಿಗೆ ಪುಡಿ, ಕೆಮ್ಮಣ್ಣು. ಅರಿಸಿನಕ್ಕೆ ಸುಣ್ಣ ತಾಗಿಸಿದರೆ ಕೆಂಪಾಗುವುದನ್ನು ಮಕ್ಕಳೇ ಕಂಡುಹಿಡಿಯಲಿ, ನೀವು ಮೊದಲೇ ಹೇಳಬೇಡಿ. ಒಂದು ಹಲಸಿನೆಲೆ ಕೈಗೆ ಕೊಡಿ. ಐದು ನಿಮಿಷ ನೋಡಲಿ. ಆಮೇಲೆ ಹಾಳೆ ನೋಡದೆ, ಎಲೆಯ ಅಂಚನ್ನೇ ನೋಡುತ್ತಾ ಗೆರೆ ಎಳೆಯಲಿ. ವಿಚಿತ್ರವಾಗಿ ಬರುತ್ತದೆ. ಎಲ್ಲರದ್ದೂ ವಿಚಿತ್ರವಾದ್ದರಿಂದ ಯಾರಿಗೂ ನಾಚಿಕೆಯಿಲ್ಲ. ಚಿತ್ರ ತೋರಿಸಲು ಬಂದ ಮಗುವನ್ನು ‘ಇದೇನು?’ ಅಂತ ಕೇಳಬೇಡಿ. ‘ಇದರ ಕತೆ ಹೇಳು’ ಅನ್ನಿ. ‘ಭಾರಿ ಚೆನ್ನಾಗಿದೆ’ ಅಂತ ಎಲ್ಲದಕ್ಕೂ ಹೇಳುವುದೂ ಬೇಡ. ಮಕ್ಕಳಿಗೆ ಸುಳ್ಳು ಬೇಗ ತಿಳಿಯುತ್ತದೆ.

ಪೋಷಕರಿಗೆ ಒಂದೇ ಬೇಡಿಕೆ. ಪ್ರತಿಭಾ ಕಾರಂಜಿ ಸ್ಪರ್ಧೆಗೆ ಮೂರು ವಾರ ಮೊದಲು ಒಂದೇ ಗಣಪತಿಯನ್ನು ಮಣ್ಣಿನಲ್ಲಿ ಮಾಡಿಸಿ ಮಾಡಿಸಿ ಮಗುವಿನ ಕೈ ಬೇಸರ ಮಾಡಬೇಡಿ. ಬಹುಮಾನ ಒಬ್ಬರಿಗೆ ಬರುತ್ತದೆ. ಉಳಿದವರು ‘ನಂಗೆ ಬರಲ್ಲ’ ಅನ್ನುವುದನ್ನು ಅಲ್ಲೇ ಕಲಿತು ಬರುತ್ತಾರೆ. ಇನ್ನು ಪ್ರಾಜೆಕ್ಟು. ರಾತ್ರಿ ಹತ್ತಕ್ಕೆ ಪೇಟೆಗೆ ಹೋಗಿ ಥರ್ಮಾಕೋಲ್ ತಂದು ಅಪ್ಪ ಮನೆ ಕಟ್ಟುತ್ತಾನೆ, ಅಮ್ಮ ಬಣ್ಣ ಹಚ್ಚುತ್ತಾಳೆ, ಮಗು ಮಲಗಿರುತ್ತದೆ. ಮಾರ್ಕ್ಸ್ ಯಾರಿಗೆ ಕೊಡುವುದು?

ಮಾತು ಮುಗಿಸಿ ಪ್ರಶ್ನೆ ಕೇಳಿ ಅಂದೆ. ಸ್ವಲ್ಪ ಹೊತ್ತು ಯಾರೂ ಕೇಳಲಿಲ್ಲ. ಆಮೇಲೆ ಮೂಲೆಯಲ್ಲಿ ಕೂತಿದ್ದ ಒಬ್ಬರು ತಾಯಿ ಎದ್ದರು.

‘ಸರ್, ನಮ್ ಹುಡ್ಗ ಮನೆ ಗೋಡೆ ತುಂಬ ಗೀಚ್ತಾನೆ. ಏನ್ ಮಾಡೋದು?’

‘ಒಂದು ಗೋಡೆ ಅವನಿಗೇ ಬಿಟ್ಟುಕೊಡಿ ತಾಯಿ’ ಅಂದೆ. ‘ಅವನ ಕೈ ಎಟಕುವಷ್ಟು ಎತ್ತರಕ್ಕೆ ಕೆಮ್ಮಣ್ಣು ಬಳಿಯಿರಿ. ತುಂಬಿದ ಮೇಲೆ ದೀಪಾವಳಿಗೆ ಮತ್ತೆ ಬಳಿಯಿರಿ.’

‘ಬಾಡಿಗೆ ಮನೆ ಸರ್.’

ಸಭೆ ನಕ್ಕಿತು. ಅವರು ನಗಲಿಲ್ಲ. ಉತ್ತರ ಬೇಕು ಅಂತ ನಿಂತೇ ಇದ್ದರು.

‘ಅಂಗಳ ಇದೆಯಾ?’

‘ಇದೆ. ಸಿಮೆಂಟಿನ ಅಂಗಳ.’

‘ಹಾಗಾದರೆ ಇದ್ದಿಲು ಕೊಡಿ. ಮಳೆ ಬಂದಾಗ ತೊಳೆದು ಹೋಗುತ್ತದೆ.’